ಕೋಟರ್ ಬಂದರಿನಲ್ಲಿ ಒಂದು ದಿನ: ಮಾರ್ಗದರ್ಶಿಯೊಂದಿಗೆ ಹೋಗುವುದು ಒಳ್ಳೆಯದೇ?

ಪ್ರಶ್ನೆ:
ನಮ್ಮ ಪ್ರವಾಸಿ ಹಡಗು ಮಾಂಟೆನೆಗ್ರೊದ ಕೋಟರ್‌ನಲ್ಲಿ ಎಂಟು ಗಂಟೆ ನಿಲ್ಲಲಿದೆ. ಎಪ್ಪತ್ತು ದಾಟಿದ ತಂದೆ-ತಾಯಿ ಜೊತೆಗಿದ್ದಾರೆ. ಕೋಟರ್, ಪೆರಾಸ್ಟ್, ಬುದ್ವಾ ಮೂರನ್ನೂ ತೋರಿಸುವ ಹಡಗಿನವರ ಪ್ರವಾಸವನ್ನು ಆರಿಸಿಕೊಳ್ಳಬಹುದೇ ಎಂದು ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಒಂದು ದಿನಕ್ಕೆ ಮೂರು ಊರು ಹೆಚ್ಚು, ಬುದ್ವಾವನ್ನು ಬಿಡಿ. ಪೆರಾಸ್ಟ್‌ನಿಂದ ದೋಣಿಯಲ್ಲಿ ತಲುಪುವ, ಮೇರಿ ಮಾತೆಯ ಇಗರ್ಜಿಯಿರುವ ಪುಟ್ಟ ದ್ವೀಪವು ಪ್ರಕೃತಿ ಕೊಟ್ಟದ್ದಲ್ಲ. ಊರಿನವರು ತಲೆಮಾರುಗಳ ಕಾಲ ಕಲ್ಲು ಸುರಿದು, ಹಳೆಯ ಹಡಗುಗಳನ್ನು ಮುಳುಗಿಸಿ ಕಟ್ಟಿಕೊಂಡದ್ದು, ಮತ್ತು ಇಂದಿಗೂ ಪ್ರತಿವರ್ಷ ಜುಲೈ 22ರ ಸಂಜೆ ದೋಣಿಗಳ ಸಾಲಿನಲ್ಲಿ ಹೋಗಿ ಅಲ್ಲಿ ಕಲ್ಲು ಹಾಕುತ್ತಾರೆ. ಇದನ್ನು ವಿವರಿಸುವವರಿಲ್ಲದಿದ್ದರೆ ಅದು ಬರಿಯ ಚೆಂದದ ದ್ವೀಪವಾಗಿ ಉಳಿದುಬಿಡುತ್ತದೆ. ಮಾರ್ಗದರ್ಶಿ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಉತ್ತರ 2:
ಕೋಟರ್ ಕೋಟೆಯ ಸುಮಾರು 1,350 ಮೆಟ್ಟಿಲುಗಳನ್ನು ಹಿರಿಯರಿಂದ ಹತ್ತಿಸಬೇಡಿ. ಕೆಳಗಿನ ಹಳೆಯ ಪಟ್ಟಣ ಸಮತಟ್ಟಾಗಿದೆಯಾದರೂ ಹಾಸುಗಲ್ಲುಗಳು ಸವೆದು ನುಣುಪಾಗಿರುವುದರಿಂದ ಹಿಡಿತವಿರುವ ಪಾದರಕ್ಷೆ ಅಗತ್ಯ. 1166ರಲ್ಲಿ ಪ್ರತಿಷ್ಠಾಪನೆಗೊಂಡ ಸಂತ ಟ್ರೈಫನ್ ಕೆಥೆಡ್ರಲ್‌ನಲ್ಲಿ ನಿಧಾನವಾಗಿ ಸಮಯ ಕಳೆಯಿರಿ. ಅದರ ಗೋಪುರಗಳು 1667ರ ಭೂಕಂಪದ ನಂತರ ಮತ್ತೆ ಎದ್ದು ನಿಂತವು.

ಉತ್ತರ 3:
ಕೊಲ್ಲಿಯ ಅಂಚಿನ ರಸ್ತೆ ಕಿರಿದಾಗಿದ್ದು, ಬೇಸಿಗೆಯಲ್ಲಿ ವಾಹನಗಳು ಬಹಳ ಹೊತ್ತು ನಿಂತುಬಿಡುತ್ತವೆ. ಹಡಗಿನವರ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಬಾಡಿಗೆ ವಾಹನದಲ್ಲಿ ಹೋದರೆ ಆ ಭರವಸೆಯಿಲ್ಲ.