ಉಪ್ಪಿನಕಾಯಿ ಬಾಟ್ಲಿಯ ಫೋಟೋದಲ್ಲಿ ಅಡ್ಡ ಪಟ್ಟೆ, ಗಾಜಿನಲ್ಲಿ ಬಿಳಿ ಮಚ್ಚೆ: ಎಂತ ಮಾಡುದು?

ನೀರ್ಚಾಲು_ಮಿಡಿ
ಮಿಡಿ ಉಪ್ಪಿನಕಾಯಿಯ ಗಾಜಿನ ಬಾಟ್ಲಿ, ತೆಂಗಿನೆಣ್ಣೆ, ಅಡಿಕೆಯ ಹಾಳೆತಟ್ಟೆ, ಮೂರರದ್ದೂ ಫೋಟೋ ಮಾರಾಟಕ್ಕೆ ಬೇಕು. ಆಚೆ ಈಚೆ ಒಂದೊಂದು 9 ವ್ಯಾಟಿನ ಎಲ್‌ಇಡಿ ಬಲ್ಬು, ಹಿಂದೆ ಬಿಳಿ ಚಾರ್ಟ್ ಪೇಪರು. ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ, ಪೇಪರು ಬೂದಿ ಬಣ್ಣ, ಗಾಜಿನ ಮೇಲೆ ಬಲ್ಬಿನದ್ದೇ ಗುಂಡು ಮಚ್ಚೆ. ಕ್ಯಾಮೆರಾ ಸರಿ ಉಂಟು, ಅಂಗಳದಲ್ಲಿ ತೆಗೆದರೆ ಏನೂ ತೊಂದರೆ ಇಲ್ಲ. ಈ ಮಳೆಗೆ ಅಂಗಳ ಎಲ್ಲಿಂದ ತರುದು? ತಲೆ ಕೆಟ್ಟು ಹೋಗಿದೆ, ಹೇಳಿ ಮಾರಾಯ್ರೆ.

ಕುಂಬ್ಳೆ_ಕೆಲ್ವಿನ್
ಬಲ್ಬಿನ ಸಿಆರ್‌ಐ, ಅಂದರೆ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸ್ತದೆ ಎಂಬ ಅಂಕಿ, ಎಷ್ಟು? 90ರ ಮೇಲಿನದ್ದು ಹಾಕಿ, ಕ್ಯಾಮೆರಾದಲ್ಲಿ ಬಿಳಿಯನ್ನು ಬಿಳಿಯಾಗಿಸುವ ವೈಟ್ ಬ್ಯಾಲೆನ್ಸ್ 6500 ಕೆಲ್ವಿನ್‌ಗೆ ಇಡಿ. ಮುಗಿಯಿತು.

ನೀರ್ಚಾಲು_ಮಿಡಿ
ವೈಟ್ ಬ್ಯಾಲೆನ್ಸ್ ಬದಲಿಸಿ ಆಯಿತು. ಪಟ್ಟೆ ಇದ್ದಲ್ಲೇ ಉಂಟು, ಪೇಪರು ಮಾತ್ರ ಬೂದಿಯಿಂದ ಹಳದಿಗೆ ಹೋಯಿತು.

ಕುಂಬ್ಳೆ_ಕೆಲ್ವಿನ್
ಅದಕ್ಕೇ ಸಿಆರ್‌ಐ ಹೇಳಿದ್ದು. ಡಬ್ಬದ ಮೇಲಿನ ಅಂಕಿ ಎಂಟು ಮಾಸಲು ಬಣ್ಣಗಳ ಸರಾಸರಿ. ಗಾಢ ಕೆಂಪು, ಅಂದರೆ ಆರ್9, ಅದರಲ್ಲಿ ಸೇರುವುದೇ ಇಲ್ಲ. ಮೆಣಸಿನ ಕೆಂಪು ಕಂದಾಗುದು ಹಾಗಾಗಿ. ಬಲ್ಬು ಬದಲಿಸದೆ ಆಗುದಿಲ್ಲ.

ಉಪ್ಪಳ_ಎಫ್8
ಕೆಂಪಿನ ಮಾತು ಸರಿ ಭಾವ, ಆದರೆ ಅವರು ಕೇಳಿದ್ದು ಪಟ್ಟೆಯದ್ದು. ನೀರ್ಚಾಲಿನವರೇ, ಶಟರ್ ವೇಗ ಎಷ್ಟು? ಟ್ರೈಪಾಡ್ ಉಂಟಾ? ಸೈಲೆಂಟ್ ಶಟರ್ ಆನ್ ಉಂಟಾ?

ನೀರ್ಚಾಲು_ಮಿಡಿ
ಶಟರ್ ಆಟೋ. ಈಗ ನೋಡಿದರೆ 1/320 ಸೆಕೆಂಡ್, ಬೆಳಕಿನ ಸಂವೇದನೆಯ ಅಂಕಿ ಐಎಸ್‌ಒ 6400. ಟ್ರೈಪಾಡ್ ಉಂಟು, ಕೈಯಲ್ಲಿ ಹಿಡಿದರೂ ಅಲುಗುದಿಲ್ಲವಲ್ಲ ಅಂತ ಹಾಕಲಿಲ್ಲ. ಸೈಲೆಂಟ್ ಯಾವಾಗಲೂ ಆನ್. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಉಪ್ಪಳ_ಎಫ್8
ಸಂಬಂಧ ಅಲ್ಲಿಯೇ ಇರುದು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುದಿಲ್ಲ. ಸೈಲೆಂಟ್ ಶಟರಿನಲ್ಲಿ ಸೆನ್ಸರ್ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಬೆಳಕು ಇಳಿದ ಹೊತ್ತಿಗೆ ಓದಿದ ಸಾಲು ಕಪ್ಪು, ಏರಿದಾಗ ಓದಿದ್ದು ಬಿಳಿ. ನಿಮ್ಮ ಪಟ್ಟೆ ಅದೇ.

ಸೈಲೆಂಟ್ ಆಫ್ ಮಾಡಿ, ಟ್ರೈಪಾಡಿಗೆ ಹಾಕಿ, ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್/8, ಶಟರನ್ನು ಕ್ಯಾಮೆರಾವೇ ಆರಿಸುವ ಅಪರ್ಚರ್ ಪ್ರಯಾರಿಟಿ ಮೋಡ್, 2 ಸೆಕೆಂಡ್ ಟೈಮರ್. ಶಟರ್ ಅರ್ಧ ಸೆಕೆಂಡಿಗೋ ಒಂದಕ್ಕೋ ಇಳಿದರೆ ಹೆದರಬೇಡಿ, ಬಾಟ್ಲಿ ಓಡಿ ಹೋಗುದಿಲ್ಲ. ಅಷ್ಟು ಹೊತ್ತಿನಲ್ಲಿ ಏರಿಳಿತವೆಲ್ಲ ಸಮ ಆಗ್ತದೆ. ಕೈಯಲ್ಲೇ ಹಿಡಿಯಬೇಕಾದರೆ 1/100 ಅಥವಾ 1/50 ಮಾತ್ರ. 1/60 ಎಂಬುದು 60 ಹರ್ಟ್ಸ್ ದೇಶದವರ ಲೆಕ್ಕ.

ಬೂದಿ ಬಣ್ಣಕ್ಕೆ ಎಕ್ಸ್‌ಪೋಶರ್ +1, ಅಂದರೆ ಬೆಳಕು ದುಪ್ಪಟ್ಟು. ಚೌಕಟ್ಟು ತುಂಬ ಬಿಳಿ ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನು ಬೂದಿಗೆ ಎಳೆಯುತ್ತದೆ. ಚಾವಣಿಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಮುಚ್ಚಿ. ಎರಡು ಬಗೆಯ ಬೆಳಕು ಬೆರೆತರೆ ಯಾವ ವೈಟ್ ಬ್ಯಾಲೆನ್ಸಿಗೂ ಎರಡನ್ನೂ ಒಟ್ಟಿಗೆ ಸರಿ ಮಾಡ್ಲಿಕ್ಕೆ ಆಗುದಿಲ್ಲ.

ಮಂಜೇಶ್ವರ_ಫ್ಲ್ಯಾಷ್
ಮಚ್ಚೆಗೆ ಲೆನ್ಸಿನ ಎದುರು ಸಿಪಿಎಲ್, ಅಂದರೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ.

ಉಪ್ಪಳ_ಎಫ್8
ಗಾಜಿನ ಹೊಳಪು ಒಂದು ಕೋನದಲ್ಲಿ ಮಾತ್ರ ಹೋದೀತು, ಉರುಟು ಬಾಟ್ಲಿಯಲ್ಲಿ ಆ ಕೋನ ಒಂದು ಗೆರೆಯಷ್ಟೇ. ತಗಡಿನ ಮುಚ್ಚಳದ ಹೊಳಪು ಸಿಪಿಎಲ್‌ಗೆ ಬಗ್ಗುದೇ ಇಲ್ಲ.

ಗಾಜಿನಲ್ಲಿ ಕಾಣುವುದು ಬಲ್ಬಿನ ಪ್ರತಿಬಿಂಬ. ಅದನ್ನು ಅಳಿಸ್ಲಿಕ್ಕೆ ನೋಡಬೇಡಿ, ಚಂದದ ಆಕಾರ ಕೊಡಿ. ಎರಡಡಿ ಚೌಕದ ಮರದ ಪಟ್ಟಿಗೆ ಟ್ರೇಸಿಂಗ್ ಪೇಪರ್ ಬಿಗಿದು ಬಾಟ್ಲಿಯ ಎಡಕ್ಕೆ ಒಂದಡಿ ದೂರದಲ್ಲಿ ನಿಲ್ಲಿಸಿ. ಬಲ್ಬು ಅದರ ಹಿಂದೆ ಒಂದೂವರೆ ಅಡಿ. ತೀರ ಹತ್ತಿರ ಇಟ್ಟರೆ ಪೇಪರಿನ ನಡುವೆ ಮಾತ್ರ ಬೆಳಕು ಬಿದ್ದು ಪುನಃ ಮಚ್ಚೆಯೇ. ಬಲಗಡೆ ಬಲ್ಬು ಬೇಡ, ಬಿಳಿ ಥರ್ಮಾಕೋಲ್ ಸಾಕು. ಎರಡೂ ಕಡೆ ಬಲ್ಬು ಇದ್ದರೆ ಎರಡು ನೆರಳು, ಎರಡು ಮಚ್ಚೆ.

ಮಂಜೇಶ್ವರ_ಫ್ಲ್ಯಾಷ್
ಟ್ರೇಸಿಂಗ್ ಪೇಪರ್ ಎಲ್ಲ ಎಂತಕ್ಕೆ, ಮನೆಯ ಬಿಳಿ ಮುಂಡು ಸಾಕು.

ಕುಂಬ್ಳೆ_ಕೆಲ್ವಿನ್
ನೀಲಿ ಹಾಕಿ ಒಗೆದ ಮುಂಡಾದರೆ ಬೆಳಕಿಗೂ ನೀಲಿ ಛಾಯೆ. ಪುನಃ ಬಣ್ಣದ ಪ್ರಶ್ನೆಗೇ ಬಂದಿರಲ್ಲ!

ಉಪ್ಪಳ_ಎಫ್8
ನೇಯ್ಗೆಯ ಗೆರೆ, ಮಡಿಕೆ ಎರಡೂ ಗಾಜಿನಲ್ಲಿ ಮೂಡುತ್ತವೆ. ಹಾಳೆತಟ್ಟೆಗಾದರೆ ಮುಂಡು ಆದೀತು. ಅಲ್ಲಿ ಅದೂ ಬೇಡ ಅನ್ನಿ: ಹಾಳೆಯ ನಾರು ಎದ್ದು ಕಾಣಬೇಕಾದರೆ ಬರೀ ಬಲ್ಬನ್ನೇ ಮೇಜಿನ ಮಟ್ಟದಿಂದ ಸ್ವಲ್ಪ ಮೇಲೆ, ಪಕ್ಕದಿಂದ ಓರೆಯಾಗಿ ಬಿಡಿ.

ಮಂಜೇಶ್ವರ_ಫ್ಲ್ಯಾಷ್
ನನ್ನಲ್ಲಿ 60 ವ್ಯಾಟಿನ ಸಿಒಬಿ ಎಲ್‌ಇಡಿ ಲೈಟು, ಬೆಳಕು ಮೆದು ಮಾಡುವ 90 ಸೆಂ.ಮೀ. ಸಾಫ್ಟ್‌ಬಾಕ್ಸು, ಲೈಟನ್ನು ಮೇಲಿಂದ ಚಾಚಿ ಹಿಡಿಯುವ ಬೂಮ್ ಸ್ಟ್ಯಾಂಡು. ಈ ಪೇಪರು, ಥರ್ಮಾಕೋಲಿನ ರಗಳೆಯೇ ಇಲ್ಲ.

ಕುಂಬ್ಳೆ_ಕೆಲ್ವಿನ್
ಬೂಮ್ ಯಾವುದು? ಮಂಗಳೂರಿನಲ್ಲಿ ಸಿಗ್ತದಾ, ಆನ್‌ಲೈನೇ ಆಗಬೇಕಾ? ನನ್ನದು 95 ಸಿಆರ್‌ಐ ಪ್ಯಾನಲ್, ಬ್ಯಾಟರಿಯಲ್ಲೂ ಓಡ್ತದೆ.

ನೀರ್ಚಾಲು_ಮಿಡಿ
ನಿಮ್ಮ ಬೂಮ್ ಆಮೇಲೆ! ಪಟ್ಟೆ ಹೋಯಿತು, ಮಚ್ಚೆ ಹೋಗಿ ಉದ್ದ ಬಿಳಿ ಗೆರೆ ಬಂತು, ಚಂದ ಉಂಟು. ಈಗ ಬಿಳಿ ಪೇಪರಿನ ಎದುರು ಬಾಟ್ಲಿಯ ಅಂಚೇ ಕಾಣುದಿಲ್ಲ. ಎಣ್ಣೆ ಬಾಟ್ಲಿಯಂತೂ ಕಪ್ಪು ಕಪ್ಪು.

ಉಪ್ಪಳ_ಎಫ್8
ಅಂಚಿಗೆ ಕಪ್ಪು ಚಾರ್ಟಿನ ಎರಡು ಪಟ್ಟಿ, ಎರಡಿಂಚು ಅಗಲ. ಬಾಟ್ಲಿಯ ಎರಡೂ ಬದಿಗೆ, ಸ್ವಲ್ಪ ಹಿಂದೆ, ಫೋಟೋದ ಚೌಕಟ್ಟಿನಿಂದ ಕೂದಲೆಳೆ ಹೊರಗೆ. ಗಾಜಿನ ಅಂಚು ಆ ಕಪ್ಪನ್ನು ಹಿಡಿದು ಗೆರೆ ಎಳೆದ ಹಾಗೆ ಕಾಣ್ತದೆ.

ಎಣ್ಣೆಗೆ ಹಿಂದಿನಿಂದ ಬೆಳಕು ಬೇಕು. ಬಿಳಿ ದಪ್ಪ ಕಾಗದವನ್ನು ಬಾಟ್ಲಿಯ ಆಕಾರಕ್ಕೆ, ಅದಕ್ಕಿಂತ ತುಸು ಸಣ್ಣದಾಗಿ ಕತ್ತರಿಸಿ ಹಿಂಬದಿಗೆ ಓರೆಯಾಗಿ ಆನಿಸಿ. ಎದುರಿನಿಂದ ಅದು ಕಾಣಬಾರದು. ಪಕ್ಕದ ಬೆಳಕು ಅದಕ್ಕೆ ಬಿದ್ದು ಎಣ್ಣೆಯೊಳಗಿಂದ ಈಚೆ ಬರ್ತದೆ. ಉಪ್ಪಿನಕಾಯಿಗೆ ಈ ಉಪಾಯ ನಡೆಯುದಿಲ್ಲ, ಅದರಲ್ಲಿ ಬೆಳಕು ದಾಟುದಿಲ್ಲ.

ಮುಳ್ಳೇರಿಯ_ಜರಿ
ಇದೇ ಬಲ್ಬಿನಲ್ಲಿ ಕಾಸರಗೋಡು ಸೀರೆ ತೆಗೆಯಬಹುದಾ? ಜರಿ ಅಂಚು ಇದ್ದದ್ದು ಕಪ್ಪಾಗಿ ಬರ್ತದೆ.

ಉಪ್ಪಳ_ಎಫ್8
ಜರಿ ಕನ್ನಡಿಯ ಲೆಕ್ಕ, ಎದುರಿಗೆ ಕತ್ತಲೆ ಇದ್ದರೆ ಕತ್ತಲೆಯನ್ನೇ ತೋರಿಸ್ತದೆ. ಬೇರೆ ಥ್ರೆಡ್ ಹಾಕಿ, ಶಟರ್ ಎಷ್ಟು ಅಂತ ಮೊದಲೇ ಬರೆಯಿರಿ.

ಮಂಜೇಶ್ವರ_ಫ್ಲ್ಯಾಷ್
ಕೆಲ್ವಿನ್, ಬೂಮಿನ ಲಿಂಕ್ ಇನ್‌ಬಾಕ್ಸಿಗೆ ಹಾಕಿದ್ದೇನೆ. ಕೆಳಗೆ ಮರಳು ಚೀಲ ಕಟ್ಟದಿದ್ದರೆ ಲೈಟಿನ ಭಾರಕ್ಕೆ ಮಗುಚಿ ಬೀಳ್ತದೆ, ನೋಡಿಕೊಳ್ಳಿ.