ಸಹಾಯ ಬೇಕು: ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಾಪಿ ಭಾಳ ಸ್ಲೋ ಐತ್ರಿ

ನಮಸ್ಕಾರ್ರೀ ಎಲ್ಲಾರ್ಗೂ, ಬಾಗಲಕೋಟಿ ನವನಗರದಾಗ ಮದುವಿ ವಿಡಿಯೋ ಎಡಿಟಿಂಗ್ ಮಾಡ್ತೀನಿ, ಸೀಸನ್ ಬ್ಯಾರೆ ಶುರು ಆಗೈತಿ, 2 ಟಿಬಿ ಡಿಸ್ಕಿಂದ ಪಿಸಿಗೆ ಫೂಟೇಜ್ ಹಾಕೂದ್ರಾಗ ಅರ್ಧ ದಿನ ಹೊಂಟೈತ್ರಿ. ಪೋರ್ಟ್ ನೀಲಿದ ಐತಿ, ಯುಎಸ್‌ಬಿ 3.0, ಹೆಸರಿಗೆ 5 ಜಿಬಿಪಿಎಸ್ (ಸೆಕೆಂಡಿಗೆ 5 ಗಿಗಾಬಿಟ್), ಆದ್ರ ಸ್ಪೀಡ್ ಸೆಕೆಂಡಿಗೆ 35 ಎಂಬಿ (ಮೆಗಾಬೈಟ್) ದಾಟವಲ್ದು. ಇದು ಯುಎಸ್‌ಬಿ 2.0 ಲೆಕ್ಕ ಆತಲ್ರಿ, 480 ಎಂಬಿಪಿಎಸ್ ಅನ್ನೂದು ಮೆಗಾಬಿಟ್ ಲೆಕ್ಕ, 8 ಬಿಟ್ಟಿಗೆ ಒಂದು ಬೈಟ್, ಹಂಗಾಗಿ ಕೈಗೆ ಸಿಗೂದು ಹೆಚ್ಚುಕಮ್ಮಿ ಅಷ್ಟ. ತಿರಗೋ ಡಿಸ್ಕ್ ಆದ್ರೂ ದೊಡ್ಡ ಫೈಲಿಗೆ 100 ಎಂಬಿ ಆಸುಪಾಸು ಬರಬೇಕು.

ನನಗ ಡೌಟ್ ಇರೂದು ಕೇಬಲ್ ಮ್ಯಾಲ. ಡಿಸ್ಕಿನ ಕಡೆ ಅಗಲ ಬಾಯಿ, ಎರಡು ಭಾಗ ಇರ್ತಾವಲ್ಲ, ಅದಕ್ಕ ಸಣ್ಣ ಹಳೇ ಫೋನ್ ಚಾರ್ಜರ್ ಕೇಬಲ್ ಸೈತ ಕೂಡತೈತಿ, ಡಿಸ್ಕೂ ನಡೀತೈತಿ, ಆದ್ರ 2.0 ಸ್ಪೀಡಿನ್ಯಾಗ. ಈಗ ನಾ ಹಾಕಿದ್ದು ಆ ಹಳೇ ಕೇಬಲ್ಲ. ಅಂಗಡಿಯಂವ ಮಾತ್ರ ಎಸ್‌ಎಸ್‌ಡಿನ (ತಿರಗೋ ಭಾಗ ಇಲ್ಲದ ಫಾಸ್ಟ್ ಡಿಸ್ಕ್) ತಗೋರಿ ಅಂತಾನ, ಅಂವಂಗೇನ್ರಿ, ಮಾರೂದ ಕೆಲಸ!

ಬರೇ ಕೇಬಲ್ ಬದಲಿ ಮಾಡಿದ್ರ ಸಾಕೇನ್ರಿ, ಇಲ್ಲಾ ಕ್ಯಾಬಿನೆಟ್ ಮುಂದಿನ ಪೋರ್ಟ್ ಬಿಟ್ಟು ಹಿಂದ ಮದರ್‌ಬೋರ್ಡಿಗೇ ಹಾಕಬೇಕಾ? ಗಿರಾಕಿ ಮ್ಯಾಕ್ ವಾಪರಸ್ತಾರ ಅಂತ ವಿಂಡೋಸ್, ಮ್ಯಾಕ್ ಎರಡರಾಗೂ ನಡಿಯೂ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಇಟ್ಟೀನಿ, ಅದರಿಂದೂ ಫರಕ ಬೀಳತೈತೇನು? ಒರಿಜಿನಲ್ 3.0 ಕೇಬಲ್ ಬಾಗಲಕೋಟ್ಯಾಗ ಅಥವಾ ಬೆಳಗಾವ್ಯಾಗ ಎಲ್ಲಿ ಸಿಗತೈತಿ, ಗೊತ್ತಿದ್ದವ್ರು ಲಗೂನ ಹೇಳ್ರಿ.