ಡಿಸ್ನಿಲ್ಯಾಂಡ್ ರೈಲಿನ ಹಳೇ ಸ್ಲೈಡ್, ಟಿಕೆಟ್, ಲಾಟೀನು ಸಿಕ್ಕಿದೆ, ಏನ್ ಮಾಡೋದು ಹೇಳಿ

ಕೇಳಿದ್ದು, ಟಸ್ಟಿನ್, ಕ್ಯಾಲಿಫೋರ್ನಿಯಾದಿಂದ:

ಎಲ್ರಿಗೂ ನಮಸ್ಕಾರ. ನಮ್ಮ ಪಕ್ಕದ್ಮನೆ ಅಜ್ಜಿ ಮನೆ ಮಾರಿ ಮಗಳ ಊರಿಗೆ ಹೋಗ್ತಾ ಇದಾರೆ. ಗ್ಯಾರೇಜ್ ಖಾಲಿ ಮಾಡುವಾಗ ಒಂದು ದೊಡ್ಡ ಡಬ್ಬ ತಂದು ನಮ್ಮತ್ತೆ ಕೈಗೆ ಕೊಟ್ಟು, ನಿಮ್ಮ ಮೊಮ್ಮಗನಿಗೆ ಟ್ರೈನ್ ಅಂದ್ರೆ ಪ್ರಾಣ ಅಲ್ವಾ ಇಟ್ಕೊಳ್ಳಿ ಅಂದ್ಬಿಟ್ರು. ಒಳಗೆ ನೋಡಿದ್ರೆ ಪ್ರೊಜೆಕ್ಟರ್‌ಗೆ ಹಾಕೋ ರಾಶಿ ಫೋಟೋ ಸ್ಲೈಡ್‌ಗಳು, ಡಿಸ್ನಿಲ್ಯಾಂಡ್ ಟಿಕೆಟ್ ಪುಸ್ತಕ ಅರ್ಧ ಹರಿದಿರೋದು, ಒಂದು ಲಾಟೀನು, ಒಂದು ಹಿತ್ತಾಳೆ ಬೀಗ, ಒಂದಷ್ಟು ಟೈಪ್ ಮಾಡಿದ ಕಾಗದ. ಅವರ ಯಜಮಾನ್ರು ಅಲ್ಲಿ ಟ್ರೈನ್ ಓಡಿಸೋರ ಜೊತೆ ಕೆಲಸ ಮಾಡ್ತಿದ್ರಂತೆ. ಇವು ಯಾವ ವರ್ಷದ್ದು ಅಂತ ಕಂಡುಹಿಡಿಯೋದು ಹೇಗೆ, ಕೆಡದ ಹಾಗೆ ಇಡೋದು ಹೇಗೆ, ಬೆಲೆ ಬಾಳೋದು ಯಾವುದು, ಗೊತ್ತಿರೋರು ಹೇಳಿ ಪ್ಲೀಸ್. ನಮ್ಮನೆಯವ್ರು ಆಗ್ಲೇ ಲಾಟೀನು ಪಾಲಿಶ್ ಮಾಡ್ತೀನಿ ಅಂತ ಕೂತಿದಾರೆ.

ಫುಲ್ಲರ್ಟನ್‌ನಿಂದ ಒಬ್ರು:

ಮೊದ್ಲು ನಿಮ್ಮ ಯಜಮಾನ್ರ ಕೈಯಿಂದ ಆ ಪಾಲಿಶ್ ಡಬ್ಬಿ ಕಿತ್ಕೊಳ್ಳಿ ಮೇಡಂ, ಮಿಕ್ಕಿದ್ದೆಲ್ಲ ಆಮೇಲೆ.

ವರ್ಷ ಕಂಡುಹಿಡಿಯೋದು ಕಷ್ಟ ಅಲ್ಲ, ಫೋಟೋ ಒಳಗೇ ಇರುತ್ತೆ. ಪಾರ್ಕ್ ಶುರುವಾಗಿದ್ದು 1955ರ ಜುಲೈ 17ಕ್ಕೆ, ಅವತ್ತು ಇ.ಪಿ. ರಿಪ್ಲಿ ಅನ್ನೋ ಎಂಜಿನ್‌ನಲ್ಲಿ ವಾಲ್ಟ್ ಡಿಸ್ನಿ, ಕ್ಯಾಲಿಫೋರ್ನಿಯಾ ಗವರ್ನರ್ ಗುಡ್ವಿನ್ ನೈಟ್, ಸಾಂತಾ ಫೆ ರೈಲ್ವೆ ಪ್ರೆಸಿಡೆಂಟ್ ಫ್ರೆಡ್ ಗರ್ಲಿ ಮೂರೂ ಜನ ಕೂತು ಮೇನ್ ಸ್ಟ್ರೀಟ್ ಸ್ಟೇಷನ್‌ಗೆ ಬಂದಿದ್ದು. ಆಗ ಇದ್ದಿದ್ದು ಎರಡೇ ಎಂಜಿನ್, ಎರಡನ್ನೂ ಪಾರ್ಕಿಗೆ ಅಂತಲೇ ಹೊಸದಾಗಿ ಕಟ್ಟಿದ್ದು. 1ನೇ ನಂಬರ್ ಸಿ.ಕೆ. ಹಾಲಿಡೇ, ಹೊಗೆ ಕೊಳವೆ ಮೇಲ್ಗಡೆ ಅಗಲ ಆಗಿರುತ್ತೆ. 2ನೇ ನಂಬರ್ ರಿಪ್ಲಿ, ನೆಟ್ಟಗಿರೋ ಕೊಳವೆ. 3ನೇ ನಂಬರ್ ಫ್ರೆಡ್ ಗರ್ಲಿ ಕಂಡ್ರೆ ಫೋಟೋ 1958 ಅಥವಾ ಆಮೇಲಿಂದು. ತಮಾಷೆ ಏನಂದ್ರೆ ಆ ಗರ್ಲಿ ಎಂಜಿನ್ ಪಾರ್ಕಿಗಿಂತ ತುಂಬಾ ಹಳೇದು, 1894ರಲ್ಲಿ ಬಾಲ್ಡ್ವಿನ್ ಕಂಪನಿ ಕಟ್ಟಿದ್ದು, ಲೂಸಿಯಾನಾದಲ್ಲಿ ಕಬ್ಬು ಹೊತ್ಕೊಂಡು ಓಡಾಡ್ತಿತ್ತು. 4ನೇದು ಅರ್ನೆಸ್ಟ್ ಮಾರ್ಷ್ ಬಂದಿದ್ದು 1959. 5ನೇ ನಂಬರ್ ಇದ್ರೆ ಅದು ಹಳೇ ಫೋಟೋನೇ ಅಲ್ಲ, 2005ರ ಮೇಲಿಂದು.

ಹಿಂದೆ ಮ್ಯಾಟರ್‌ಹಾರ್ನ್ ಅಂತ ಪಾರ್ಕಲ್ಲಿ ಕಟ್ಟಿರೋ ಕೃತಕ ಬೆಟ್ಟ ಇದೆಯಾ ನೋಡಿ, ಅದು ತೆರೆದಿದ್ದು 1959ರ ಜೂನ್, ಬರೀ ಕಬ್ಬಿಣದ ಅಸ್ಥಿಪಂಜರ ಕಂಡ್ರೆ ಅದಕ್ಕೆ ಸ್ವಲ್ಪ ಮುಂಚೆ. ಸ್ಟೇಷನ್ ಬೋರ್ಡಲ್ಲಿ ಸಾಂತಾ ಫೆ ಹೆಸರಿದ್ರೆ 1974ರೊಳಗಿಂದು, ಆ ವರ್ಷ ಅವರ ಸ್ಪಾನ್ಸರ್‌ಶಿಪ್ ಮುಗೀತು. ನನಗೆ ತುಂಬಾ ಇಷ್ಟ ಆಗೋ ಸುಳಿವು ಅಂದ್ರೆ ಮೇನ್ ಸ್ಟ್ರೀಟ್ ಸ್ಟೇಷನ್‌ನ ಪಾಪುಲೇಷನ್ ಬೋರ್ಡು. ಊರಿನ ಜನಸಂಖ್ಯೆ ಹಾಕೋ ಹಾಗೆ ಪಾರ್ಕಿಗೆ ಅಲ್ಲಿವರೆಗೆ ಬಂದವರ ಲೆಕ್ಕ ಮಿಲಿಯನ್‌ನಲ್ಲಿ ಹಾಕ್ತಿದ್ರು, ಬದಲಾಯಿಸ್ತಾ ಹೋಗ್ತಿದ್ರು. ಒಂದು ಕೋಟಿ ಮುಟ್ಟಿದ್ದು 1957ರ ಡಿಸೆಂಬರ್ 31ಕ್ಕೆ, ಹಾಗಾಗಿ ಬೋರ್ಡಲ್ಲಿ ಅದಕ್ಕಿಂತ ಕಮ್ಮಿ ಇದ್ರೆ ಹೆಚ್ಚುಕಮ್ಮಿ ಮೊದಲ ಎರಡೂವರೆ ವರ್ಷದ ಫೋಟೋ. ಭೂತಗನ್ನಡಿ ಇಟ್ಕೊಂಡು ನೋಡಿ, ಜನ ಮುಂದೆ ನಿಂತು ಪೋಸ್ ಕೊಟ್ಟಿರೋದ್ರಿಂದ ಅರ್ಧ ಬೋರ್ಡು ಯಾರದೋ ಹ್ಯಾಟ್ ಹಿಂದೆ ಹೋಗಿರುತ್ತೆ, ಅದೊಂದು ಕರ್ಮ.

ಬೋಗಿನೂ ನೋಡಿ. ಹಳದಿ ಬಣ್ಣದ, ಮುಚ್ಚಿರೋ ಪ್ಯಾಸೆಂಜರ್ ಬೋಗಿ ಇದ್ರೆ ಚೆನ್ನಾಗಿರೋ ಫೋಟೋ. ನಿಜವಾದ ರೈಲಿನ ಥರ ಬಾಗಿಲು ತುದೀಲಿ ಮಾತ್ರ, ಜನ ಹತ್ತಿ ಇಳಿಯೋಷ್ಟ್ರಲ್ಲಿ ಸಾಕು ಸಾಕಾಗ್ತಿತ್ತು, 1974ರ ಹೊತ್ತಿಗೆ ತೆಗೆದ್ಬಿಟ್ರು. ಅದರಲ್ಲಿ ಕೊನೇ ಬೋಗಿ ಗ್ರ್ಯಾಂಡ್ ಕ್ಯಾನ್ಯನ್ ಅನ್ನೋದನ್ನೇ 1975ರಲ್ಲಿ ಕೆಂಪು ಬಣ್ಣ ಬಳಿದು ಲಿಲ್ಲಿ ಬೆಲ್ ಅನ್ನೋ ಬೋಗಿ ಮಾಡಿದ್ದು.

ಮೈಸೂರಿನಿಂದ, ಫೋಟೋ ಸ್ಟುಡಿಯೋದವ್ರು:

ರೈಲಿನ ಬಗ್ಗೆ ನನಗೆ ಗೊತ್ತಿಲ್ಲ, ಸ್ಲೈಡ್ ಬಗ್ಗೆ ಹೇಳ್ತೀನಿ. ಎಲ್ಲಾನೂ ಒಂದೇ ಫಿಲ್ಮ್ ಅಲ್ಲ. ಒಂದು ಸ್ಲೈಡ್ ತಗೊಂಡು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿರಿ, ಹೊಳಪಿಲ್ಲದ ಬದಿಯಲ್ಲಿ ಚಿತ್ರ ಸಣ್ಣಗೆ ಉಬ್ಬಿದ ಹಾಗೆ, ಕೆತ್ತಿದ ಹಾಗೆ ಕಂಡ್ರೆ ಅದು ಕೋಡಾಕ್ರೋಮ್. ಕತ್ತಲಲ್ಲಿ ಇಟ್ಟಿದ್ರೆ ಅದರ ಬಣ್ಣ 70 ವರ್ಷ ಆದ್ರೂ ಹಾಗೇ ಇರುತ್ತೆ, ನೀಲಿ ಆಕಾಶ ನೀಲಿನೇ. ಆ ಕಾಲದ ಎಕ್ಟಾಕ್ರೋಮ್, ಆನ್ಸ್ಕೋಕ್ರೋಮ್ ಆಗಿದ್ರೆ ಈಗಾಗ್ಲೇ ಎಲ್ಲಾ ಕೆಂಪಗೆ ತಿರುಗಿರುತ್ತೆ, ಅವನ್ನ ಮೊದ್ಲು ಸ್ಕ್ಯಾನ್ ಮಾಡ್ಸಿ, ಯಾಕಂದ್ರೆ ಅವು ಕಾಯಲ್ಲ.

ಇದರಲ್ಲಿ ಒಂದು ತಿರುವು ಇದೆ. ಕತ್ತಲಲ್ಲಿ ಗಟ್ಟಿ ಇರೋ ಕೋಡಾಕ್ರೋಮ್ ಪ್ರೊಜೆಕ್ಟರ್ ಬೆಳಕಿಗೆ ಮಾತ್ರ ಬೇಗ ಮಾಸುತ್ತೆ. ಹಾಗಾಗಿ ಮಕ್ಕಳಿಗೆ ತೋರಿಸೋಣ ಅಂತ ಗೋಡೆ ಮೇಲೆ ಹಾಕ್ಕೊಂಡು ಕೂರಬೇಡಿ, ಸ್ಕ್ಯಾನ್ ಮಾಡಿ ಟಿವಿಲಿ ತೋರಿಸಿ. ಸ್ಕ್ಯಾನರ್‌ನಲ್ಲಿ ಧೂಳು ತಾನೇ ತೆಗೆಯೋ ಇನ್ಫ್ರಾರೆಡ್ ಆಪ್ಷನ್ ಇರುತ್ತಲ್ಲ, ಕೋಡಾಕ್ರೋಮ್‌ಗೆ ಅದನ್ನ ಆಫ್ ಮಾಡಿಸಿ, ಚಿತ್ರದ ಕಪ್ಪು ಗೆರೆಗಳನ್ನೇ ಧೂಳು ಅಂದ್ಕೊಂಡು ತಿಂದು ಹಾಕುತ್ತೆ. ಅಂಗಡಿಯವ್ರು ಇದನ್ನ ಕೇಳಿದ್ರೇ ಹೊರತು ಹೇಳಲ್ಲ. ಊದೋದಕ್ಕೆ ರಬ್ಬರ್ ಬ್ಲೋವರ್ ಸಾಕು, ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆ ಅಂತೂ ಬೇಡವೇ ಬೇಡ. ಇಡೋದಕ್ಕೆ ಪಿವಿಸಿ ಕವರ್ ಬಿಟ್ಟು ಪಾಲಿಪ್ರೊಪಿಲೀನ್ ಕವರ್ ತಗೊಳ್ಳಿ. ಡಬ್ಬ ತೆಗೆದಾಗ ವಿನಿಗರ್ ವಾಸನೆ ಬಂದ್ರೆ ಫಿಲ್ಮ್ ಕೆಡ್ತಾ ಇದೆ ಅಂತ, ಅದನ್ನ ಬೇರೆ ಇಡಿ.

ಇನ್ನೊಂದು, ಪಾರ್ಕಲ್ಲೇ ಮಾರ್ತಿದ್ದ ರೆಡಿಮೇಡ್ ಸ್ಲೈಡ್‌ಗಳೂ ಇರ್ತವೆ, ಫ್ರೇಮ್ ಮೇಲೆ ಹೆಸರು ಅಚ್ಚಾಗಿರುತ್ತೆ. ಅವು ಸಾವಿರಾರು ಮನೇಲಿವೆ. ನಿಮ್ಮ ಅಜ್ಜಿ ಯಜಮಾನ್ರು ಕೈಯಾರೆ ತೆಗೆದಿದ್ದು ಒಂದೇ ಇರೋದು.

ಹುಬ್ಬಳ್ಳಿಯವ್ರು, ಈಗ ಸ್ಯಾನ್ ಹೋಸೆ:

ನಾ ರೈಲ್ವೆ ಕ್ವಾರ್ಟರ್ಸ್‌ನಾಗ ಬೆಳದಾಂವ್ರೀ, ಲಾಟೀನು ಅಂದ್ರ ಸುಮ್ನಿರಾಕ ಆಗಂಗಿಲ್ಲ. ಅದರ ಮ್ಯಾಲ ಏನ್ ಅಕ್ಷರ ಒತ್ಯಾರ ನೋಡ್ರಿ. ಎ.ಟಿ. ಅಂಡ್ ಎಸ್.ಎಫ್. ಅಂತ ಇದ್ರ ಅದು ದೊಡ್ಡ ಸಾಂತಾ ಫೆ ರೈಲ್ವೆದು, ಅಚಿಸನ್ ಟೊಪೀಕಾ ಅಂಡ್ ಸಾಂತಾ ಫೆ, ಡಿಸ್ನಿಲ್ಯಾಂಡ್‌ದಲ್ಲ. ಸಾಮಾನು ಅಸಲೀನ ಇರಬಹುದು, ಆದ್ರ ಮಾರೋರು ಅದಕ್ಕ ಡಿಸ್ನಿಲ್ಯಾಂಡ್ ಅಂತ ಚೀಟಿ ಹಚ್ಚಿ ಡಬಲ್ ರೇಟ್ ಹೇಳ್ತಾರ. ಪಾರ್ಕಿನ ಕಾಗದದಾಗ ಸಾಂತಾ ಫೆ ಅಂಡ್ ಡಿಸ್ನಿಲ್ಯಾಂಡ್ ಅಂತ ಎರಡೂ ಹೆಸರು ಕೂಡಿ ಇರ್ತಾವ.

ಬೀಗದ ಮ್ಯಾಲ ನನಗ ಡೌಟ್ ಐತ್ರಿ. ಹೊಸಾ ಹಿತ್ತಾಳಿ ಬೀಗಕ್ಕ ಹಳೇ ರೈಲ್ವೆ ಹೆಸರು ಹಾಕಿ ಮಾರೋದು ದೊಡ್ಡ ದಂಧೆ. ಸವೆದಿರೋದು ಎಲ್ಲಿ ನೋಡ್ರಿ, ಖರೇ ಬೀಗ ಆದ್ರ ಸರಪಳಿ ತಿಕ್ಕಿದ ಜಾಗಾ, ಕೀಲಿ ತಿರುವಿದ ಜಾಗಾ ನುಣ್ಣಗ ಆಗಿರ್ತದ, ಉಳದದ್ದು ಹಂಗ ಇರ್ತದ. ಎಲ್ಲಾ ಕಡೆ ಒಂದ ನಮೂನಿ ಕಪ್ಪಾಗಿದ್ರ ಆಸಿಡ್ ಹಚ್ಚಿ ಮುದುಕ ಮಾಡ್ಯಾರ ಅಂತ ತಿಳೀರಿ. ಪಾಲಿಶ್ ಮಾಡಬ್ಯಾಡ್ರಿ ಅನ್ನೋದು ಇದಕ್ಕ, ಆ ಸವಕಳಿನೇ ಸಾಕ್ಷಿ.

ಫುಲ್ಲರ್ಟನ್‌ನವ್ರೇ ಮತ್ತೆ:

ಟೈಪ್ ಮಾಡಿದ ಕಾಗದ ಅಂದ್ರಲ್ಲ, ನಾನಾಗಿದ್ರೆ ಮೊದ್ಲು ಅದನ್ನೇ ಬಿಚ್ತಿದ್ದೆ. ಅದರಲ್ಲಿ ಡಿಸ್ನಿ ಹೆಸರೇ ಇರದೆ ಇರಬಹುದು. ಆಗ ಆ ರೈಲು ಪಾರ್ಕ್ ಕಂಪನಿದಲ್ಲ, ವಾಲ್ಟ್ ಡಿಸ್ನಿಯ ಸ್ವಂತ ಕಂಪನಿದು, ರೈಲು ಓಡಿಸೋರಿಗೆ ಸಂಬಳ ಕೊಡ್ತಿದ್ದಿದ್ದೂ ಅದೇ. ಮೊದ್ಲು ಅದರ ಹೆಸರು ಡಬ್ಲ್ಯುಇಡಿ, 1965ರಿಂದ ರೆಟ್ಲಾ, ವಾಲ್ಟರ್ ಅನ್ನೋದನ್ನ ಇಂಗ್ಲಿಷಲ್ಲಿ ಬರೆದು ಹಿಂದಿನಿಂದ ಓದಿದ್ರೆ ಸಿಗೋದು. 1982ರವರೆಗೂ ಹಾಗೇ ಇತ್ತು. ರೆಟ್ಲಾ ಅಂತಿರೋ ಪೇ ಸ್ಲಿಪ್ಪು, ಡ್ಯೂಟಿ ಚೀಟಿ, ರೂಲ್ ಪುಸ್ತಕನ ಜನ ಯಾವುದೋ ಕಂಪನಿ ಕಸ ಅಂತ ಎಸೀತಾರೆ, ನನ್ನ ಪ್ರಕಾರ ಇಡೀ ಡಬ್ಬದಲ್ಲಿ ಅದೇ ಬಂಗಾರ. ಫೋಟೋ ಯಾರು ಬೇಕಾದ್ರೂ ತೆಗೆದಿರ್ತಾರೆ, ಇದು ಕೆಲಸದವ್ರ ಮನೇಲಿ ಮಾತ್ರ ಇರುತ್ತೆ.

ಟಿಕೆಟ್ ಪುಸ್ತಕದ ಬಗ್ಗೆ ಜಾಸ್ತಿ ಆಸೆ ಬೇಡ. ಅದರಲ್ಲಿ ರೈಡ್‌ಗೆ ತಕ್ಕ ಹಾಗೆ ಅಕ್ಷರ ಹಾಕಿದ ಕೂಪನ್ ಇರ್ತಿದ್ವು. ಎ, ಬಿ ಕೂಪನ್ ಚಿಕ್ಕ ಚಿಕ್ಕ ರೈಡ್‌ಗೆ, ಜನ ಖರ್ಚು ಮಾಡದೆ ಮನೆಗೆ ತರ್ತಿದ್ರು, ಇವತ್ತಿಗೂ ಎಲ್ಲರ ಡ್ರಾಯರ್‌ನಲ್ಲಿ ಇವೆ. ಇ ಕೂಪನ್ 1959ರಲ್ಲಿ ಬಂದಿದ್ದು, ಒಳ್ಳೇ ರೈಡ್‌ಗೆ, ಅದನ್ನ ಯಾರೂ ಉಳಿಸ್ತಿರಲಿಲ್ಲ.

ಕೇಳಿದವ್ರು:

ಅಯ್ಯೋ ಎಷ್ಟೊಂದು ಗೊತ್ತಿದೆ ನಿಮಗೆಲ್ಲ! ಲಾಟೀನು ಎ.ಟಿ. ಅಂಡ್ ಎಸ್.ಎಫ್.ದೇ, ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ. ಬೀಗ ಎಲ್ಲಾ ಕಡೆ ಕಪ್ಪು, ಅದನ್ನ ನಮ್ಮನೆಯವ್ರಿಗೆ ಪಾಲಿಶ್ ಮಾಡೋಕೆ ಕೊಟ್ಬಿಟ್ಟೆ. ಕಾಗದದಲ್ಲಿ ರೆಟ್ಲಾ ಇದೆ!! ಒಂದು ಸ್ಲೈಡ್ ಮಾತ್ರ ಅರ್ಥ ಆಗ್ತಿಲ್ಲ, ಸ್ಟೀಮ್ ಎಂಜಿನ್ನೇ ಅಲ್ಲ, ಮೂತಿ ನುಣುಪಾಗಿ ಬಾಗಿರೋ ಪುಟ್ಟ ನೀಲಿ ಟ್ರೈನು, ಮೊನೊರೈಲ್ ಥರ ಇದೆ ಆದ್ರೆ ನೆಲದ ಮೇಲೆ ಹಳಿ ಇದೆ. ಬೇರೆ ಪಾರ್ಕಾ?

ಫುಲ್ಲರ್ಟನ್‌ನವ್ರು:

ಮೇಡಂ ಅದು ಡಿಸ್ನಿಲ್ಯಾಂಡಿನದೇ, ವ್ಯೂಲೈನರ್ ಅನ್ನೋ ಟ್ರೈನು! 1957ರ ಜೂನ್‌ನಲ್ಲಿ ಶುರುವಾಗಿ 1958ರ ಸೆಪ್ಟೆಂಬರ್‌ಗೆ ಮುಚ್ಚಿಹೋಯ್ತು, ಜಾಗ ಮ್ಯಾಟರ್‌ಹಾರ್ನ್‌ಗೆ, ಮೊನೊರೈಲ್‌ಗೆ ಬೇಕಾಗಿತ್ತು. ಕೆಂಪೊಂದು ನೀಲಿ ಒಂದು ಎರಡೇ ಟ್ರೈನ್ ಇದ್ದಿದ್ದು, ಅದಕ್ಕೂ ಸಾಂತಾ ಫೆನೇ ಸ್ಪಾನ್ಸರ್. ಅದನ್ನ ಮೊದ್ಲು ಸ್ಕ್ಯಾನ್ ಮಾಡ್ಸಿ, ನೆಟ್‌ಗೆ ದೊಡ್ಡ ಸೈಜಲ್ಲಿ ಹಾಕಬೇಡಿ. ಸ್ಲೈಡ್ ನಿಮ್ಮ ಕೈಲಿದೆ ಅಂತ ಕಾಪಿರೈಟ್ ನಿಮ್ಮದಾಗಲ್ಲ, ತೆಗೆದವ್ರ ಮನೆಯವ್ರದ್ದು, ಅಜ್ಜಿ ಹೊರಡೋ ಮುಂಚೆ ಒಂದು ಸಾಲು ಬರೆಸಿ ಸೈನ್ ಹಾಕಿಸ್ಕೊಳ್ಳಿ. ಅದೇ ಕಾಗದದಲ್ಲಿ ಅವರ ಯಜಮಾನ್ರು ಯಾವ ವರ್ಷದಿಂದ ಯಾವ ವರ್ಷದವರೆಗೆ ಏನ್ ಕೆಲಸ ಮಾಡ್ತಿದ್ರು ಅಂತಲೂ ಬರೆಸಿ, ಲಾಟೀನು ಅವರದ್ದೇ ಅನ್ನೋಕೂ ಅದು ಬೇಕು. ಆಮೇಲೆ ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಲ್ಲಿ ವಾಲ್ಟ್ ಡಿಸ್ನಿಯ ಹಳೇ ಶೆಡ್ ಇದೆ, ಮನೆ ಹಿತ್ತಲಲ್ಲಿ ಪುಟ್ಟ ಸ್ಟೀಮ್ ರೈಲು ಓಡಿಸ್ತಿದ್ದಾಗಿಂದು, ಸಾಮಾನ್ಯವಾಗಿ ತಿಂಗಳ ಮೂರನೇ ಭಾನುವಾರ ತೆಗೀತಾರೆ. ಅಲ್ಲಿರೋ ವಾಲಂಟಿಯರ್ಸ್ ಈ ರೈಲಿನ ಹುಚ್ಚರು, ಸ್ಕ್ಯಾನ್ ತಗೊಂಡು ಹೋಗಿ, ಒರಿಜಿನಲ್ ಮನೇಲೇ ಇರ್ಲಿ. ಮಗನ್ನೂ ಕರ್ಕೊಂಡು ಹೋಗಿ, ಮಧ್ಯಾಹ್ನಕ್ಕಿಂತ ಮುಂಚೆ ಹೋದ್ರೆ ಪಾರ್ಕಿಂಗ್ ಸಿಗುತ್ತೆ.